ಯಾವ ದಿನದ ‘ನಾಳೆ’? ಸೋಶಿಯಲ್ ಮೀಡಿಯಾ, ಫೀಡ್ ರೀಡರ್ ಮತ್ತು ಸುದ್ದಿಯ ಸರದಿ

ಕಳೆದ ಮಳೆಗಾಲದಲ್ಲಿ ಒಂದು ವಾರ ಪುತ್ತೂರಿನ ಅಣ್ಣನ ಮನೆಯಲ್ಲಿದ್ದೆ. ಗುರುವಾರ ರಾತ್ರಿ, ಹಂಚಿನ ಮೇಲೆ ಮಳೆ ಒಂದೇ ಸಮ ಸುರಿಯುತ್ತಿತ್ತು. ಅತ್ತಿಗೆ ಮರುದಿನದ ನೀರುದೋಸೆಗೆ ಅಕ್ಕಿ ನೆನೆಹಾಕಿ, ಕೈ ಒರೆಸಿಕೊಂಡು ಫೋನ್ ನೋಡಿದರು. “ನಾಳೆ ಮತ್ತೆ ಮಕ್ಕಳಿಗೆ ರಜೆಯಂತೆ,” ಎಂದರು. ಒಂದು ಸುದ್ದಿ ಪೇಜಿನ ಪೋಸ್ಟ್ ಅದು. ಕೆಂಪು ಪಟ್ಟಿಯ ಮೇಲೆ ದಪ್ಪ ಅಕ್ಷರ: ‘ಭಾರೀ ಮಳೆ: ನಾಳೆ ದಕ್ಷಿಣ ಕನ್ನಡದ ಶಾಲೆಗಳಿಗೆ ರಜೆ’. ಮಕ್ಕಳು ಕುಣಿದರು. ಸ್ಕೂಲ್ ಬ್ಯಾಗ್ ಮೂಲೆ ಸೇರಿತು.

ಬೆಳಿಗ್ಗೆ ಗೇಟಿನ ಮುಂದೆ ವ್ಯಾನ್ ಬಂದು ಹಾರ್ನ್ ಹೊಡೆಯಿತು. ರಜೆ ಇರಲಿಲ್ಲ. ದೊಡ್ಡವಳಿಗೆ ಅವತ್ತು ಟೆಸ್ಟ್ ಬೇರೆ. ತಿಂಡಿಯೂ ತಿನ್ನದೆ, ತಲೆಯೂ ಬಾಚದೆ ಅಳುತ್ತಾ ಓಡಿದಳು. ಆಮೇಲೆ ನಾವು ಆ ಪೋಸ್ಟನ್ನು ಮತ್ತೆ ಹುಡುಕಿ ತೆಗೆದೆವು. ಪೇಜಿನ ಹೆಸರಿನ ಕೆಳಗೆ, ಬೂದು ಬಣ್ಣದ ಸಣ್ಣ ಅಕ್ಷರದಲ್ಲಿ ಅದರ ವಯಸ್ಸು ಬರೆದಿತ್ತು. ಅದು ಮಂಗಳವಾರ ಸಂಜೆ ಹಾಕಿದ ಪೋಸ್ಟ್. ಆ ‘ನಾಳೆ’ ಬುಧವಾರ. ಬುಧವಾರ ನಿಜವಾಗಿಯೂ ರಜೆ ಇತ್ತು, ಮಕ್ಕಳು ಮನೆಯಲ್ಲೇ ಇದ್ದರು. ಗುರುವಾರ ಶಾಲೆ ನಡೆದಿತ್ತು. ಗುರುವಾರ ರಾತ್ರಿ ಅದೇ ಪೋಸ್ಟ್ ಹೊಸದರಂತೆ ಅತ್ತಿಗೆಯ ಫೋನಿನಲ್ಲಿ ಎಲ್ಲಕ್ಕಿಂತ ಮೇಲೆ ಬಂದು ಕೂತಿತ್ತು.

ಸುಳ್ಳು ಸುದ್ದಿಯ ಬಗ್ಗೆ ನಾವು ತುಂಬಾ ಮಾತಾಡುತ್ತೇವೆ. ಆದರೆ ಇಲ್ಲಿ ಯಾರೂ ಸುಳ್ಳು ಹೇಳಿರಲಿಲ್ಲ. ಡಿಸಿ ಆದೇಶ ನಿಜ, ಪೇಜಿನವರು ಬರೆದದ್ದು ನಿಜ, ಅತ್ತಿಗೆ ಓದಿದ್ದೂ ನಿಜ. ತಪ್ಪಿದ್ದು ಸರದಿ. ‘ನಾಳೆ’ ಅಂತ ಯಾವತ್ತು ಹೇಳಿದರು ಅಂತ ಗೊತ್ತಿಲ್ಲದಿದ್ದರೆ ಆ ಮಾತಿಗೆ ಅರ್ಥವೇ ಇಲ್ಲ, ಅಲ್ವಾ? ‘ಇಂದಿನಿಂದ’, ‘ಇನ್ನು ಮುಂದೆ’, ‘ಇದೀಗ ಬಂದ ಸುದ್ದಿ’, ಎಲ್ಲವೂ ಹಾಗೆಯೇ. ಸೋಶಿಯಲ್ ಮೀಡಿಯಾದಲ್ಲಿ ಸುದ್ದಿ ಓದುವುದಕ್ಕೂ ಫೀಡ್ ರೀಡರ್‌ನಲ್ಲಿ, ಅಂದರೆ ನಾವೇ ಆರಿಸಿದ ತಾಣಗಳ ಸುದ್ದಿಯನ್ನು ತಾರೀಕಿನ ಸರದಿಯಲ್ಲಿ ತಂದುಕೊಡುವ ಆ್ಯಪ್‌ನಲ್ಲಿ, ಓದುವುದಕ್ಕೂ ಇರುವ ದೊಡ್ಡ ವ್ಯತ್ಯಾಸ ಇದೇ ಅಂತ ನನಗೆ ಅನ್ನಿಸುತ್ತದೆ. ನಿಮ್ಮ ಕಣ್ಣಿಗೆ ಮೊದಲು ಯಾವುದು ಬೀಳಬೇಕು ಅಂತ ತೀರ್ಮಾನ ಮಾಡುವವರು ಯಾರು?

ಹಳೆಯ ಪೋಸ್ಟ್ ಮೇಲೆ ಬಂದದ್ದು ಹೇಗೆ

ಟ್ವಿಟರ್ ಮತ್ತು ಇನ್‌ಸ್ಟಾಗ್ರಾಂನಲ್ಲಿ ಮೊದಲು ಲೆಕ್ಕ ಸರಳವಾಗಿತ್ತು. ಹೊಸದು ಮೇಲೆ, ಹಳೆಯದು ಕೆಳಗೆ. 2016ರಲ್ಲಿ ಎರಡೂ ಕಡೆ ಇದು ಬದಲಾಯಿತು. ನಿಮಗೆ ಯಾವುದು ಹಿಡಿಸಬಹುದು ಅಂತ ಕಂಪ್ಯೂಟರ್ ಊಹಿಸಿ, ಅದನ್ನು ಮೇಲಕ್ಕೆ ತರುವ ಪದ್ಧತಿ ಬಂತು. 2006ರಲ್ಲಿ ನ್ಯೂಸ್ ಫೀಡ್ ಶುರು ಮಾಡಿದ ಫೇಸ್‌ಬುಕ್ ಅಷ್ಟರಲ್ಲಾಗಲೇ ಈ ದಾರಿಯಲ್ಲಿ ಬಹಳ ದೂರ ಹೋಗಿತ್ತು.

ಇದನ್ನೇ ನಾವು ಅಲ್ಗಾರಿದಂ ಅನ್ನುತ್ತೇವೆ. ಒಳಗೆ ನಡೆಯುವುದು ಹೆಚ್ಚುಕಡಿಮೆ ಹೀಗೆ. ನೀವು ಆ್ಯಪ್ ತೆರೆದ ಕ್ಷಣದಲ್ಲಿ ನಿಮಗೆ ತೋರಿಸಬಹುದಾದ ನೂರಾರು ಪೋಸ್ಟ್‌ಗಳು ಸಾಲಿನಲ್ಲಿ ಇರುತ್ತವೆ. ಒಂದೊಂದಕ್ಕೂ ಅಂಕ ಬೀಳುತ್ತದೆ. ಇವರು ಇದಕ್ಕೆ ಲೈಕ್ ಒತ್ತಬಹುದಾ, ಕಾಮೆಂಟ್ ಬರೆಯಬಹುದಾ, ಶೇರ್ ಮಾಡಬಹುದಾ, ಎಷ್ಟು ಹೊತ್ತು ನಿಂತು ನೋಡಬಹುದು ಅನ್ನುವ ಊಹೆಗಳನ್ನೆಲ್ಲ ಕೂಡಿಸಿದ ಅಂಕ ಅದು. ಜಾಸ್ತಿ ಅಂಕ ಬಂದದ್ದು ಮೇಲೆ. ಪೋಸ್ಟ್ ಎಷ್ಟು ಹೊಸದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ, ಆದರೆ ಹತ್ತಾರು ವಿಷಯಗಳಲ್ಲಿ ಒಂದಾಗಿ ಮಾತ್ರ.

ಈಗ ಮಳೆ ರಜೆಯ ಪೋಸ್ಟನ್ನು ನೆನಪಿಸಿಕೊಳ್ಳಿ. ಕರಾವಳಿ, ಮಲೆನಾಡಿನವರಿಗೆ ಇದು ಚೆನ್ನಾಗಿ ಗೊತ್ತು. ಅದರ ಕೆಳಗೆ ಮಕ್ಕಳ ದಂಡೇ ಇರುತ್ತದೆ. ‘ಥ್ಯಾಂಕ್ಯೂ ಡಿಸಿ ಸರ್’, ‘ಸರ್ ನಾಡಿದ್ದೂ ಕೊಡಿ’, ‘ನಮ್ಮ ತಾಲೂಕಿಗೆ ಯಾಕಿಲ್ಲ’. ಒಂದೊಂದು ಕಾಮೆಂಟ್ ಬಿದ್ದಾಗಲೂ ಆ ಪೋಸ್ಟ್ ಇನ್ನೂ ಜೀವಂತವಾಗಿದೆ ಅಂತ ಯಂತ್ರಕ್ಕೆ ಕಾಣುತ್ತದೆ. ಬುಧವಾರ ಮುಗಿದಿದೆ ಅಂತ ಅದಕ್ಕೆ ತಿಳಿಯುವುದಿಲ್ಲ. ಅತ್ತಿಗೆಗೆ ಶಾಲೆಗೆ ಹೋಗುವ ಮಕ್ಕಳಿದ್ದಾರೆ, ಇಂಥ ಪೋಸ್ಟ್‌ಗಳ ಮೇಲೆ ಅವರು ನಿಲ್ಲುತ್ತಾರೆ ಅನ್ನುವುದು ಮಾತ್ರ ತಿಳಿಯುತ್ತದೆ. ಹಾಗಾಗಿ ಗುರುವಾರ ರಾತ್ರಿ ತಂದು ಮುಂದಿಟ್ಟಿತು.

ಅಂಕ ಹಾಕುವುದರಲ್ಲೂ ಯಾರದೋ ತೀರ್ಮಾನ ಇರುತ್ತದೆ. 2017ರಲ್ಲಿ ಫೇಸ್‌ಬುಕ್ ತನ್ನ ಎಮೋಜಿ ಪ್ರತಿಕ್ರಿಯೆಗಳಿಗೆ, ಅಂದರೆ ನಗು, ಅಳು, ಕೋಪದ ಮುಖಗಳಿಗೆ, ಲೈಕಿನ ಐದು ಪಟ್ಟು ತೂಕ ಕೊಟ್ಟಿತ್ತು. ಇದು ಹೊರಗೆ ಗೊತ್ತಾದದ್ದು 2021ರಲ್ಲಿ, ಕಂಪನಿಯ ಒಳಗಿನ ಕಾಗದಪತ್ರಗಳು ಪತ್ರಕರ್ತರ ಕೈಸೇರಿದಾಗ. ಸಿಟ್ಟು ಬರಿಸುವ ಒಂದು ಪೋಸ್ಟ್‌ಗೆ ಐವತ್ತು ಕೋಪದ ಮುಖ ಬಿದ್ದರೆ ಅದು ಇನ್ನೂರೈವತ್ತು ಲೈಕಿಗೆ ಸಮ. ಆಮೇಲೆ ಕೋಪದ ಮುಖದ ತೂಕವನ್ನು ಹಂತಹಂತವಾಗಿ ಇಳಿಸಿ, 2020ರಲ್ಲಿ ಸೊನ್ನೆಗೆ ತಂದರು. ನಾವು ಓದುವ ಸುದ್ದಿಯ ಸರದಿಯನ್ನು ಮೂರು ವರ್ಷ ನಮ್ಮದೇ ಸಿಟ್ಟು ಎಳೆಯುತ್ತಿತ್ತು, ನಮಗೆ ಸುದ್ದಿಯೇ ಇರಲಿಲ್ಲ.

ಹಾಗಂತ ಎಲ್ಲ ತಪ್ಪನ್ನೂ ಯಂತ್ರದ ಮೇಲೆ ಹಾಕಿದರೆ ಅದೂ ಸರಿಯಲ್ಲ. ಅಮೆರಿಕದ ಎಂಐಟಿಯ ಮೂವರು ಸಂಶೋಧಕರು 2006ರಿಂದ 2017ರವರೆಗೆ ಟ್ವಿಟರ್‌ನಲ್ಲಿ ಹರಡಿದ ಸುಮಾರು 1,26,000 ಸುದ್ದಿಗಳ ಜಾಡು ಹಿಡಿದರು. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ನಿಜಕ್ಕಿಂತ ಸುಳ್ಳನ್ನು ಜನ ರೀಟ್ವೀಟ್ ಮಾಡುವ ಸಾಧ್ಯತೆ ಶೇ. 70ರಷ್ಟು ಹೆಚ್ಚು. 1,500 ಜನರನ್ನು ಮುಟ್ಟಲು ನಿಜಕ್ಕೆ ಸುಳ್ಳಿಗಿಂತ ಸುಮಾರು ಆರು ಪಟ್ಟು ಹೆಚ್ಚು ಹೊತ್ತು ಬೇಕಾಯಿತು. ತಾವಾಗಿಯೇ ಟ್ವೀಟ್ ಮಾಡುವ ಬಾಟ್‌ಗಳನ್ನು ತೆಗೆದು ನೋಡಿದರೂ ಫಲಿತಾಂಶ ಬದಲಾಗಲಿಲ್ಲ. ಹರಡಿದ್ದು ಮನುಷ್ಯರೇ. ಸುಳ್ಳು ಹೊಸದಾಗಿ, ಬೆರಗಾಗಿ ಕಾಣುತ್ತದೆ, ಅದಕ್ಕೇ ಕೈ ತಡೆಯುವುದಿಲ್ಲ.

ನಮ್ಮ ಊರಿನದೇ ಉದಾಹರಣೆ ಬೇಕಾದರೆ 2018ಕ್ಕೆ ಹೋಗಬೇಕು. ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನುವ ವಾಟ್ಸಾಪ್ ಸಂದೇಶಗಳು ಆ ವರ್ಷ ಊರೂರು ಸುತ್ತಿದವು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಒಬ್ಬ ಕೂಲಿ ಕಾರ್ಮಿಕನನ್ನು, ಜುಲೈಯಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನಿಂದ ಬಂದಿದ್ದ ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನು ಗುಂಪು ಹೊಡೆದು ಕೊಂದಿತು. ಆ ದಿನಗಳಲ್ಲಿ ಎಲ್ಲರ ಫೋನಿನಲ್ಲೂ ಇದ್ದ ಒಂದು ವಿಡಿಯೋ ನಿಮಗೆ ನೆನಪಿರಬಹುದು. ಬೈಕಿನಲ್ಲಿ ಬಂದ ಇಬ್ಬರು ರಸ್ತೆಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಬಗ್ಗೆ ಮಾಡಿದ ಜಾಗೃತಿ ಚಿತ್ರ. ಕೊನೆಯಲ್ಲಿ ಅದೇ ಇಬ್ಬರು ಮಗುವನ್ನು ವಾಪಸ್ ತಂದು ಬಿಟ್ಟು, ಪೋಷಕರಿಗೆ ಎಚ್ಚರಿಕೆಯ ಫಲಕ ಹಿಡಿಯುತ್ತಾರೆ. ಆ ಕೊನೆಯ ತುಂಡನ್ನು ಯಾರೋ ಕತ್ತರಿಸಿದ್ದರು. ವಾಟ್ಸಾಪ್‌ನಲ್ಲಿ ಅಂಕ ಹಾಕುವ ಅಲ್ಗಾರಿದಂ ಇಲ್ಲ. ಆದರೆ ಯಾರು ಮಾಡಿದ್ದು, ಎಲ್ಲಿಯದು, ಯಾವಾಗಿನದು ಅನ್ನುವ ಮೂರೂ ಕಳಚಿಬಿದ್ದ ಮೇಲೆ ಕೈಗೆ ಬಂದದ್ದು ಬರೀ ಭಯ. ಅದೇ ಜುಲೈಯಲ್ಲಿ ವಾಟ್ಸಾಪ್ ಭಾರತದಲ್ಲಿ ಒಂದು ಸಲಕ್ಕೆ ಐದು ಚಾಟ್‌ಗಳಿಗಷ್ಟೇ ಫಾರ್ವರ್ಡ್ ಮಾಡುವ ಮಿತಿ ತರುತ್ತೇವೆ ಎಂದಿತು.

ಫೀಡ್ ಅಂದರೆ ಏನು

ಮೊದಲು ಹೆಸರಿನ ವಿಷಯ. ಫೀಡ್ ರೀಡರ್‌ನ ಹಿಂದಿರುವ ತಂತ್ರಕ್ಕೆ ಇಂಗ್ಲಿಷಿನಲ್ಲಿ ಆರ್‌ಎಸ್‌ಎಸ್ ಅನ್ನುತ್ತಾರೆ. ರಿಯಲಿ ಸಿಂಪಲ್ ಸಿಂಡಿಕೇಶನ್ ಅನ್ನುವುದರ ಚಿಕ್ಕ ರೂಪ. ಕನ್ನಡದಲ್ಲಿ ಹಾಗೆ ಬರೆದು ಹುಡುಕಿದರೆ ಸಿಗುವುದು ನಾಗಪುರದ ಸಂಘಟನೆಯ ಸುದ್ದಿ. ಆದ್ದರಿಂದ ಇಲ್ಲಿ ‘ಫೀಡ್’ ಅಂತಲೇ ಬರೆಯುತ್ತೇನೆ. ಫೇಸ್‌ಬುಕ್‌ನ ನ್ಯೂಸ್ ಫೀಡ್ ಬೇರೆ, ಇದು ಬೇರೆ.

ಫೀಡ್ ಅಂದರೆ ಒಂದು ಸುದ್ದಿತಾಣ ಇಟ್ಟಿರುವ ಸಣ್ಣ ಫೈಲ್. ಅದರಲ್ಲಿ ಇತ್ತೀಚಿನ ಹತ್ತಿಪ್ಪತ್ತು ಸುದ್ದಿಗಳ ಪಟ್ಟಿ ಇರುತ್ತದೆ. ಒಂದೊಂದಕ್ಕೂ ತಲೆಬರಹ, ಕೊಂಡಿ, ಒಂದೆರಡು ಸಾಲಿನ ಸಾರಾಂಶ, ಪ್ರಕಟವಾದ ತಾರೀಕು ಮತ್ತು ಗಂಟೆ. ಬಣ್ಣ ಇಲ್ಲ, ಜಾಹೀರಾತಿನ ಪಟ್ಟಿ ಇಲ್ಲ, ಎಷ್ಟು ಜನ ಇಷ್ಟಪಟ್ಟರು ಅನ್ನುವ ಲೆಕ್ಕ ಇಲ್ಲ. ಹೊಸ ಸುದ್ದಿ ಬಂದಾಗ ಪಟ್ಟಿಯ ಮೇಲೆ ಸೇರುತ್ತದೆ, ಹಳೆಯದು ಕೆಳಗಿನಿಂದ ಉದುರುತ್ತದೆ.

ಫೀಡ್ ರೀಡರ್ ಅನ್ನುವುದು ನಿಮ್ಮ ಪರವಾಗಿ ಈ ಫೈಲುಗಳನ್ನು ಸುತ್ತಿಕೊಂಡು ಬರುವ ಆ್ಯಪ್. ನೀವು ಹತ್ತು ತಾಣಗಳ ಹೆಸರು ಕೊಟ್ಟಿದ್ದರೆ, ಅರ್ಧ ಗಂಟೆಗೋ ಒಂದು ಗಂಟೆಗೋ ಒಮ್ಮೆ ಹತ್ತೂ ಬಾಗಿಲು ತಟ್ಟುತ್ತದೆ. ‘ನಾನು ಕಳೆದ ಸಲ ಬಂದ ಮೇಲೆ ಹೊಸದೇನಾದ್ರೂ ಇದೆಯಾ?’ ಇಲ್ಲದಿದ್ದರೆ ಆ ಕಡೆಯ ಸರ್ವರ್ 304 ಅನ್ನುವ ಒಂದು ಸಂಖ್ಯೆ ಕಳಿಸುತ್ತದೆ. ‘ಏನೂ ಬದಲಾಗಿಲ್ಲ’ ಅಂತ ಅದರ ಅರ್ಥ. ಇದ್ದರೆ ಹೊಸ ಪಟ್ಟಿ ಕೊಡುತ್ತದೆ. ಆ್ಯಪ್ ಎಲ್ಲವನ್ನೂ ತಂದು, ತಾರೀಕಿನ ಸರದಿಯಲ್ಲಿ ಜೋಡಿಸಿ ನಿಮ್ಮ ಮುಂದೆ ಇಡುತ್ತದೆ. ಲಾಗಿನ್ ಬೇಕಿಲ್ಲ. ನೀವು ಯಾವುದರ ಮೇಲೆ ಎಷ್ಟು ಹೊತ್ತು ನಿಂತಿರಿ ಅಂತ ಆ ಸುದ್ದಿತಾಣಕ್ಕೆ ಫೀಡಿನಿಂದ ತಿಳಿಯುವುದೂ ಇಲ್ಲ.

ಇದು ಹೊಸದಲ್ಲ. 1999ರ ಮಾರ್ಚ್‌ನಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಇದರ ಮೊದಲ ರೂಪ ಬಂತು. ಮಾಡಿದವರಲ್ಲಿ ಒಬ್ಬರು ಮದ್ರಾಸ್ ಐಐಟಿಯಲ್ಲಿ ಓದಿದ ರಾಮನಾಥನ್ ಗುಹಾ, ಇನ್ನೊಬ್ಬರು ಡ್ಯಾನ್ ಲಿಬ್ಬಿ. 2005ರ ಡಿಸೆಂಬರ್‌ನಲ್ಲಿ ಆಟಂ ಅನ್ನುವ ಇನ್ನೊಂದು ಬಗೆಯ ಫೀಡ್ ಇಂಟರ್ನೆಟ್ಟಿನ ಅಧಿಕೃತ ಮಾನದಂಡಗಳ ಸಾಲಿಗೆ ಸೇರಿತು. ಆಟಂನಲ್ಲಿ ಪ್ರತಿ ಸುದ್ದಿಗೂ ತಾರೀಕು ಕಡ್ಡಾಯ. ಅದಿಲ್ಲದಿದ್ದರೆ ಆ ಫೀಡ್ ನಿಯಮದಂತೆ ಸರಿಯಾದದ್ದೇ ಅಲ್ಲ. ಇದನ್ನು ತಿಳಿದ ದಿನ ನನಗೆ ನೆನಪಾದದ್ದು ಅತ್ತಿಗೆಯ ಫೋನಿನಲ್ಲಿದ್ದ ಆ ಬೂದು ಅಕ್ಷರ. ಅಲ್ಲಿ ಮೂಲೆಗೆ ಬಿದ್ದಿದ್ದ ತಾರೀಕು ಇಲ್ಲಿ ಇರಲೇಬೇಕಾದದ್ದು.

ನೀವು ಪಾಡ್‌ಕಾಸ್ಟ್ ಕೇಳುವವರಾದರೆ ಫೀಡ್‌ನ ಹೆಸರೇ ಕೇಳದೆ ದಿನವೂ ಅದನ್ನು ಬಳಸುತ್ತಿರಬಹುದು. ಯಾವ ಆ್ಯಪ್‌ನಲ್ಲಿ ಬೇಕಾದರೂ ಒಂದೇ ಪಾಡ್‌ಕಾಸ್ಟ್ ಸಿಗುತ್ತದೆ ಅಲ್ವಾ, ಅದಕ್ಕೆ ಕಾರಣ ಹಿಂದೆ ಇರುವ ಇದೇ ಫೀಡ್.

ಕನ್ನಡದ ಓದುಗರಿಗೆ ಇದು ಯಾಕೆ ರೂಢಿಯಾಗಲಿಲ್ಲ? ನನಗೆ ಕಾಣುವ ಒಂದು ಕಾರಣ ಫಾಂಟು. ಫೀಡ್ ಜೋರಾಗಿದ್ದ ಹೊತ್ತಿನಲ್ಲಿ ಹಲವು ಕನ್ನಡ ಪತ್ರಿಕೆಗಳ ತಾಣಗಳು ಇನ್ನೂ ಯೂನಿಕೋಡ್‌ಗೆ, ಅಂದರೆ ಎಲ್ಲ ಕಂಪ್ಯೂಟರಿನಲ್ಲೂ ಒಂದೇ ರೀತಿ ಓದಲು ಬರುವ ಅಕ್ಷರ ಸಂಕೇತಕ್ಕೆ, ಬಂದಿರಲಿಲ್ಲ, ತಮ್ಮದೇ ಫಾಂಟುಗಳಲ್ಲಿದ್ದವು. ಅಂಥ ಬರಹ ಬೇರೆ ಆ್ಯಪ್‌ಗೆ ಹೋದರೆ ಗೀಚಿದ ಹಾಗೆ ಕಾಣುತ್ತಿತ್ತು. ಯೂನಿಕೋಡ್ ಎಲ್ಲ ಕಡೆ ಬರುವ ಹೊತ್ತಿಗೆ ಎಲ್ಲರೂ ಫೇಸ್‌ಬುಕ್‌ಗೆ ಹೋಗಿಯಾಗಿತ್ತು.

ಪಟ್ಟಿ ಯಾರದ್ದು

ಫೀಡ್ ರೀಡರ್‌ಗಳಲ್ಲಿ ಹೆಚ್ಚು ಹೆಸರಾದದ್ದು ಗೂಗಲ್ ರೀಡರ್. 2005ರಲ್ಲಿ ಶುರುವಾಯಿತು, 2013ರ ಜುಲೈ 1ಕ್ಕೆ ಗೂಗಲ್ ಅದನ್ನು ಮುಚ್ಚಿತು. ಫೀಡ್‌ನ ಕಥೆ ಅಲ್ಲಿಗೆ ಮುಗಿಯಿತು ಅಂತ ಇವತ್ತಿಗೂ ಹೇಳುವವರಿದ್ದಾರೆ. ನಾನು ಆ ಘಟನೆಯಿಂದ ಕಲಿತದ್ದು ಬೇರೆ. ಮುಚ್ಚುವ ಮುಂಚೆ ಜನರಿಗೆ ಮೂರು ತಿಂಗಳಿಗಿಂತ ಜಾಸ್ತಿ ಸಮಯ ಸಿಕ್ಕಿತು. ಅಷ್ಟರಲ್ಲಿ ಅವರು ತಮ್ಮ ತಾಣಗಳ ಪಟ್ಟಿಯನ್ನು ಒಂದು ಫೈಲಾಗಿ ಇಳಿಸಿಕೊಂಡು, ಫೀಡ್ಲಿ, ನ್ಯೂಸ್‌ಬ್ಲರ್ ತರಹದ ಬೇರೆ ರೀಡರ್‌ಗಳಿಗೆ ಹಾಕಿದರು. ಅದೇ ಪತ್ರಿಕೆಗಳು, ಅದೇ ಲೇಖಕರು, ಓದುವ ಜಾಗ ಮಾತ್ರ ಬೇರೆ. ಆ ಫೈಲಿಗೆ ಓಪಿಎಂಎಲ್ ಅನ್ನುತ್ತಾರೆ. ಬಾಡಿಗೆ ಮನೆ ಬಿಟ್ಟರೂ ಪಾತ್ರೆಪಗಡಿ ನಮ್ಮ ಜೊತೆಗೇ ಬರುತ್ತದಲ್ಲ, ಹಾಗೆ.

ಸೋಶಿಯಲ್ ಮೀಡಿಯಾದಲ್ಲಿ ಇದು ಆಗುವುದಿಲ್ಲ. ನೀವು ಹತ್ತು ವರ್ಷ ಕೂತು ಆರಿಸಿ ಫಾಲೋ ಮಾಡಿದವರ ಪಟ್ಟಿ ಆ ಕಂಪನಿಯ ಗೋಡೆಯೊಳಗೆ ಮಾತ್ರ ಕೆಲಸಕ್ಕೆ ಬರುತ್ತದೆ. ಕೆನಡಾದಲ್ಲಿ 2023ರಲ್ಲಿ ಆದದ್ದನ್ನು ನೋಡಿ. ಸುದ್ದಿ ಬಳಸಿಕೊಂಡರೆ ಪತ್ರಿಕೆಗಳಿಗೆ ಹಣ ಕೊಡಬೇಕು ಅನ್ನುವ ಕಾನೂನು ಅಲ್ಲಿ ಬಂತು. ಕೊಡಲು ಒಪ್ಪದ ಮೆಟಾ ಕಂಪನಿ ಆಗಸ್ಟ್‌ನಿಂದ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂನಲ್ಲಿ ಸುದ್ದಿಯನ್ನೇ ನಿಲ್ಲಿಸಿತು. ಅದೇ ತಿಂಗಳು ಅಲ್ಲಿ ದೊಡ್ಡ ಕಾಡ್ಗಿಚ್ಚು ಎದ್ದಿತ್ತು, ಯೆಲೋನೈಫ್ ಅನ್ನುವ ಪಟ್ಟಣವೇ ಖಾಲಿಯಾಗುತ್ತಿತ್ತು. ಊರು ಬಿಟ್ಟು ಹೊರಟವರು ಪತ್ರಿಕೆಯ ಸುದ್ದಿಯ ಕೊಂಡಿಯನ್ನು ಫೇಸ್‌ಬುಕ್‌ನಲ್ಲಿ ಹಂಚಲು ಆಗುತ್ತಿರಲಿಲ್ಲ. ಕಾನೂನು ಸರಿಯಾ, ಕಂಪನಿ ಸರಿಯಾ ಅನ್ನುವ ಚರ್ಚೆ ಬೇರೆ. ಓದುಗರನ್ನು ಯಾರೂ ಕೇಳಲಿಲ್ಲ ಅನ್ನುವುದು ನನಗೆ ಮುಖ್ಯ.

ಶುರು ಮಾಡುವುದು ಕಷ್ಟವಲ್ಲ. ಆಂಡ್ರಾಯ್ಡ್ ಫೋನಿಗೆ ‘ಫೀಡರ್’ ಅನ್ನುವ ಉಚಿತ ಆ್ಯಪ್ ಇದೆ, ಖಾತೆ ತೆರೆಯುವ ರಗಳೆ ಇಲ್ಲ. ಐಫೋನಿಗೆ ‘ನೆಟ್‌ನ್ಯೂಸ್‌ವೈರ್’ ಚೆನ್ನಾಗಿದೆ, ಅದೂ ಉಚಿತ. ಫೋನು, ಲ್ಯಾಪ್‌ಟಾಪು ಎರಡರಲ್ಲೂ ಓದಬೇಕು ಅಂದರೆ ಫೀಡ್ಲಿ ಅಥವಾ ಇನೊರೀಡರ್‌ನಲ್ಲಿ ಖಾತೆ ಮಾಡಿಕೊಳ್ಳಬಹುದು. ಆಮೇಲೆ ಸುದ್ದಿತಾಣದ ವಿಳಾಸವನ್ನು ಹಾಕಿದರೆ ಸಾಕು, ಫೀಡ್ ಇದ್ದರೆ ಆ್ಯಪ್ ಸಾಮಾನ್ಯವಾಗಿ ತಾನೇ ಹುಡುಕಿಕೊಳ್ಳುತ್ತದೆ. ಸಿಗದಿದ್ದರೆ ವಿಳಾಸದ ಕೊನೆಗೆ ಒಂದು ಸ್ಲ್ಯಾಶ್ ಹಾಕಿ, ಇಂಗ್ಲಿಷಿನಲ್ಲಿ ‘ಫೀಡ್’ ಅಂತ ಸೇರಿಸಿ ನೋಡಿ. ವರ್ಡ್‌ಪ್ರೆಸ್ ಅನ್ನುವ ತಾಣ ಕಟ್ಟುವ ತಂತ್ರಾಂಶದಲ್ಲಿ ಮಾಡಿದ ತಾಣಗಳಲ್ಲಿ ಅದು ಅಲ್ಲೇ ಇರುತ್ತದೆ, ನಮ್ಮ ಸಣ್ಣ ಸಣ್ಣ ಜಿಲ್ಲಾ ಸುದ್ದಿತಾಣಗಳಲ್ಲಿ ಹಲವು ವರ್ಡ್‌ಪ್ರೆಸ್‌ನವೇ. ಪ್ರತಿ ಯೂಟ್ಯೂಬ್ ಚಾನೆಲ್‌ಗೂ ಕಣ್ಣಿಗೆ ಕಾಣದ ಒಂದು ಫೀಡ್ ಇದೆ. ಎಷ್ಟೋ ರೀಡರ್‌ಗಳು ಚಾನೆಲ್‌ನ ಕೊಂಡಿ ಕೊಟ್ಟರೆ ಅದನ್ನೂ ಹಿಡಿಯುತ್ತವೆ.

ಎಲ್ಲರೂ ಮಾಡುವ ತಪ್ಪನ್ನು ನಾನೂ ಮಾಡಿದೆ. ಉತ್ಸಾಹದಲ್ಲಿ ಐದಾರು ದೊಡ್ಡ ಪತ್ರಿಕೆಗಳ ಪೂರ್ತಿ ಫೀಡ್ ಹಾಕಿದೆ. ಎರಡೇ ದಿನದಲ್ಲಿ ಓದದ ಸುದ್ದಿಗಳ ಸಂಖ್ಯೆ ಸಾವಿರ ದಾಟಿತು, ಆ್ಯಪ್ ತೆರೆಯುವುದಕ್ಕೇ ಭಯವಾಯಿತು. ದೊಡ್ಡ ಪತ್ರಿಕೆಯ ಪೂರ್ತಿ ಫೀಡ್ ಬೇಡ. ‘ದಿ ಹಿಂದೂ’ ತರಹದ ಪತ್ರಿಕೆಗಳು ಒಂದೊಂದು ವಿಭಾಗಕ್ಕೂ ಬೇರೆ ಫೀಡ್ ಕೊಡುತ್ತವೆ, ಕರ್ನಾಟಕದ್ದು ಮಾತ್ರ ತೆಗೆದುಕೊಳ್ಳಿ. ವಾರಕ್ಕೊಮ್ಮೆ ಬರೆಯುವವರನ್ನು ಧಾರಾಳವಾಗಿ ಸೇರಿಸಿ. ಸೋಶಿಯಲ್ ಮೀಡಿಯಾದಲ್ಲಿ ಕಳೆದುಹೋಗುವವರೇ ಅವರು. ಅಪರೂಪಕ್ಕೆ ಬರೆದು, ಗಲಾಟೆ ಮಾಡದವರಿಗೆ ಅಲ್ಲಿ ಅಂಕ ಸಿಗುವುದಿಲ್ಲ. ಫೀಡ್‌ನಲ್ಲಿ ಆರು ತಿಂಗಳ ಮೇಲೆ ಬರೆದರೂ ಅವರ ಬರಹ ಬಂದೇ ಬರುತ್ತದೆ.

ಸರ್ಕಾರಿ ಮೂಲಗಳೂ ಇವೆ. ರಿಸರ್ವ್ ಬ್ಯಾಂಕಿನ ಪ್ರಕಟಣೆಗಳಿಗೆ ಫೀಡ್ ಇದೆ. ಹತ್ತು ರೂಪಾಯಿ ನಾಣ್ಯ ನಡೆಯುವುದಿಲ್ಲ ಅಂತ ನಮ್ಮ ಅಂಗಡಿಗಳಲ್ಲಿ ಎಷ್ಟು ವರ್ಷ ಜಗಳವಾಯಿತು! 2018ರ ಜನವರಿಯಲ್ಲೇ ರಿಸರ್ವ್ ಬ್ಯಾಂಕ್, ಅಲ್ಲಿಯವರೆಗೆ ಬಂದ 14 ವಿನ್ಯಾಸದ ನಾಣ್ಯಗಳೂ ಚಲಾವಣೆಯಲ್ಲಿವೆ ಅಂತ ಪ್ರಕಟಣೆ ಕೊಟ್ಟಿತ್ತು. ಗಾಳಿಸುದ್ದಿ ಎಲ್ಲ ಗ್ರೂಪಿಗೂ ತಲುಪಿತು, ಪ್ರಕಟಣೆ ತಲುಪಲಿಲ್ಲ.

ಫೀಡ್‌ನಿಂದ ಆಗದ ಕೆಲಸ

2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿತು. ಇಂಥ ಹೊತ್ತಿನಲ್ಲಿ ಆ ದಾರಿಯಲ್ಲಿ ಹೊರಟವರಿಗೆ ಬೇಕಾದದ್ದು ಅಲ್ಲೇ ನಿಂತವರು ಕಳಿಸುವ ವಿಡಿಯೋ, ಒಂದು ಗಂಟೆಯ ಮೇಲೆ ಬರುವ ಅಚ್ಚುಕಟ್ಟಾದ ವರದಿ ಅಲ್ಲ. ನಡೆಯುತ್ತಿರುವ ಅವಘಡದಲ್ಲಿ ಸೋಶಿಯಲ್ ಮೀಡಿಯಾದಷ್ಟು ಬೇಗ ಬರುವುದು ಬೇರೆ ಇಲ್ಲ. ಯಾರಿಗೆ ಏನು ಬೇಕು, ಎಲ್ಲಿ ಸಿಕ್ಕಿಕೊಂಡಿದ್ದಾರೆ ಅಂತ ಎರಡೂ ಕಡೆಯಿಂದ ಮಾತಾಡುವುದು ಅಲ್ಲಿ ಮಾತ್ರ ಸಾಧ್ಯ. ಫೀಡ್ ಒಂದೇ ಕಡೆ ಹರಿಯುವ ನೀರು.

ಇನ್ನೊಂದು ಕೊರತೆ ನನಗೆ ನಿಜವಾಗಿಯೂ ಬೇಸರ ತರುತ್ತದೆ. ತಾಲೂಕು ಮಟ್ಟದ ವರದಿಗಾರರಲ್ಲಿ ಎಷ್ಟೋ ಜನ ಈಗ ಫೇಸ್‌ಬುಕ್ ಪೇಜು ಅಥವಾ ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಬರೆಯುತ್ತಾರೆ. ಅವರಿಗೆ ತಾಣವೇ ಇಲ್ಲ, ಇನ್ನು ಫೀಡ್ ಎಲ್ಲಿಂದ? ತಾಣ ಇರುವವರಲ್ಲೂ ಕೆಲವರು ಫೀಡ್ ತೆಗೆದುಹಾಕಿದ್ದಾರೆ, ಕೆಲವರು ಎರಡೇ ಸಾಲು ಕೊಡುತ್ತಾರೆ. ಅವರ ಕಷ್ಟವೂ ಅರ್ಥವಾಗುತ್ತದೆ. ಜಾಹೀರಾತು ಇರುವುದು ತಾಣದಲ್ಲಿ, ಓದುಗರು ಅಲ್ಲಿಗೆ ಬಾರದಿದ್ದರೆ ಸಂಬಳ ಕೊಡುವುದು ಹೇಗೆ? ಅದಕ್ಕೇ ನಾನು ಇಷ್ಟವಾದ ಸುದ್ದಿಯನ್ನು ಕೊಂಡಿ ಒತ್ತಿ ಅವರ ತಾಣದಲ್ಲೇ ಓದುತ್ತೇನೆ.

ಮತ್ತೆ ಫೀಡ್ ಸುಳ್ಳನ್ನು ಜರಡಿ ಹಿಡಿಯುವುದಿಲ್ಲ. ಸುಳ್ಳು ಬರೆಯುವ ತಾಣವನ್ನು ಸೇರಿಸಿದರೆ ಸುಳ್ಳನ್ನೇ ಸರಿಯಾದ ಸರದಿಯಲ್ಲಿ ತಂದುಕೊಡುತ್ತದೆ. ಆರಿಸುವ ಕೆಲಸ ನಮ್ಮ ತಲೆಯ ಮೇಲೆ ಬೀಳುತ್ತದೆ. ನಾವು ಒಪ್ಪುವವರನ್ನು ಮಾತ್ರ ಆರಿಸಿಕೊಂಡು ಕೂರುವ ಅಪಾಯವೂ ಇದೆ. ನನ್ನ ಪಟ್ಟಿಯಲ್ಲಿ ನನಗೆ ಒಪ್ಪಿಗೆಯಾಗದ ಇಬ್ಬರನ್ನು ಬೇಕೆಂದೇ ಇಟ್ಟುಕೊಂಡಿದ್ದೇನೆ. ಓದಿ ಸಿಟ್ಟು ಬಂದರೂ ಒತ್ತಲು ಅಲ್ಲಿ ಕೋಪದ ಮುಖ ಇಲ್ಲ, ಆದ್ದರಿಂದ ಪೂರ್ತಿ ಓದಿಯೇ ಮುಂದೆ ಹೋಗುತ್ತೇನೆ.

ಅತ್ತಿಗೆಯ ಫೋನಿಗೂ ಒಂದು ರೀಡರ್ ಹಾಕಿಕೊಟ್ಟೆ. ಒಂಬತ್ತು ಮೂಲಗಳು. ಎರಡು ಜಿಲ್ಲಾ ಸುದ್ದಿತಾಣ, ಒಂದು ಪತ್ರಿಕೆಯ ಕರ್ನಾಟಕ ವಿಭಾಗ, ರಿಸರ್ವ್ ಬ್ಯಾಂಕು, ಅವರಿಗೆ ಇಷ್ಟವಾದ ಮೂರು ಅಡುಗೆ ಚಾನೆಲ್, ಅಣ್ಣನಿಗಾಗಿ ಅಡಿಕೆ ಕೃಷಿಯ ಎರಡು. ಫೇಸ್‌ಬುಕ್ ತೆಗೆಯಲಿಲ್ಲ, ತವರಿನವರ ಫೋಟೋ ಬರುವುದು ಅಲ್ಲೇ ತಾನೆ. ಮಳೆ ರಜೆಗೆ ಮಾತ್ರ ಯಾವುದನ್ನೂ ನಂಬುವುದು ಬೇಡ, ಶಾಲೆಯ ಗ್ರೂಪಿನಲ್ಲಿ ಟೀಚರ್ ಹಾಕಿದ ಮೇಲೆಯೇ ಬ್ಯಾಗ್ ಮೂಲೆಗಿಡುವುದು ಅಂತ ಮನೆಯಲ್ಲೇ ಮಾತಾಯಿತು.

ಮೊದಲ ದಿನ ಬೆಳಿಗ್ಗೆ ಅತ್ತಿಗೆ ಕಾಪಿ ಕುಡಿಯುತ್ತಾ ಕೆಳಗಿನವರೆಗೆ ಓದಿದರು. ಪಟ್ಟಿ ಮುಗಿಯಿತು. ಇನ್ನೂ ಬರಬಹುದು ಅಂತ ಬೆರಳಿನಿಂದ ಎರಡು ಸಲ ಎಳೆದರು. ಏನೂ ಬರಲಿಲ್ಲ.

“ಇದು ಹಾಳಾಗಿದೆಯಾ?” ಎಂದು ಕೇಳಿದರು.

“ಇಲ್ಲ ಅತ್ತಿಗೆ, ಇವತ್ತಿನದ್ದು ಇಷ್ಟೇ,” ಎಂದೆ.